ಅಲ್ಫಿಯಾಳಿಗೆ ಫಿಟ್ಸ್ ಬಂದ ದಿನ

ಗ್ಲೂಕೋಸ್ ಹನಿ ಇಳಿಯತೊಡಗಿ ಸ್ವಲ್ಪ ಹೊತ್ತಾಗಿತ್ತು. ತಾಯಿಯ ತೊಡೆಯ ಮೇಲೆ ಮಲಗಿದ್ದ ಅಲ್ಫಿಯಾ ಇದ್ದಕ್ಕಿದ್ದಂತೆ ಕತ್ತನ್ನು ಎಡಕ್ಕೆ ತಿರುಗಿಸಿದಳು. ಗೋಡೆಯ ಮೇಲೆ ಏನನ್ನೋ ನೋಡುತ್ತಿದ್ದಾಳೆ ಅಂದುಕೊಂಡು ಶಿರೀನ್ ತಾಜ್ ತಾನೂ ಆ ಕಡೆ ನೋಡಿದಳು. ಅಲ್ಲೇನೂ ಇರಲಿಲ್ಲ. ಮತ್ತೆ ಮಗುವಿನ ಮುಖಕ್ಕೆ ಕಣ್ಣು ಹೊರಳಿಸುವಷ್ಟರಲ್ಲಿ ಅದರ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಬಾಯಿಯ ಒಂದು ಮೂಲೆ ಎಳೆಯುತ್ತಿತ್ತು. ಎಡಗೈ ಅದುರತೊಡಗಿತು, ಆಮೇಲೆ ಎಡಗಾಲು, ಆಮೇಲೆ ಇಡೀ ಮೈ. ನಾಲ್ಕು ವರ್ಷ ತುಂಬದ ಆ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಶಿರೀನಳ ತೊಡೆಯಿಂದ ಮಗು ಜಾರಿ ಹೋಗುವಂತಾಯಿತು.

"ಡಾಕ್ಟ್ರೇ," ಎಂದು ಅವಳು ಕೂಗಿದಳು.

ತರೀಕೆರೆಯಲ್ಲಿ ಮೋಹನನ ಕ್ಲಿನಿಕ್ ಎಂದರೆ ಎರಡೇ ಕೋಣೆ. ಹೊರಗಿನದರಲ್ಲಿ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಕಾಯುತ್ತಾರೆ. ಒಳಗಿನದರಲ್ಲಿ ಮೇಜು, ಒಂದು ಮಂಚ, ಔಷಧಿಯ ಗಾಜಿನ ಕಪಾಟು. ಅಜ್ಜಂಪುರದ ಹುಡುಗ, ಮಕ್ಕಳ ವೈದ್ಯಕೀಯ ಓದಿ ಬಂದು ಇಲ್ಲೇ ಬೋರ್ಡು ಹಾಕಿದ್ದ. ಸುತ್ತಿನ ಹಳ್ಳಿಗಳಿಗೆಲ್ಲ ಮಕ್ಕಳ ಡಾಕ್ಟರೆಂದರೆ ಅವನೊಬ್ಬನೇ. ಅವನು ಓಡಿ ಬಂದು ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, "ಲಿಂಗಮ್ಮಾ, ಮೂಗಿಗೆ ಹೊಡೆಯೋ ಸ್ಪ್ರೇ ಕೊಡಿ," ಎಂದ. ನರ್ಸ್ ಲಿಂಗಮ್ಮ ಕಪಾಟು ತೆಗೆದು ಪುಟ್ಟ ಬಾಟಲಿಯೊಂದನ್ನು ಅವನ ಕೈಗಿಟ್ಟಳು.

ಅಷ್ಟರಲ್ಲಿ ಸಿಕಂದರ್ ಒಳಗೆ ನುಗ್ಗಿದ.

ಸಿಕಂದರ್ ಶಿರೀನಳ ಗಂಡ ರಿಯಾಜನ ಅಣ್ಣ. ಬಸ್ ಸ್ಟ್ಯಾಂಡಿನ ಹಿಂದೆ ಲಾರಿ ಗ್ಯಾರೇಜು ಇಟ್ಟವನು. ತಂದೆ ಸತ್ತಾಗ ರಿಯಾಜ್ ಇನ್ನೂ ಚಡ್ಡಿ ಹಾಕುವ ವಯಸ್ಸಿನವನು. ಅವನನ್ನು ಓದಿಸಿ, ವೆಲ್ಡಿಂಗ್ ಕಲಿಸಿ, ಮದುವೆ ಮಾಡಿದವನೂ ಸಿಕಂದರನೇ. ಅಲ್ಫಿಯಾ ಎಂದರೆ ಅವನಿಗೆ ಜೀವ. ಸಂಜೆ ಗ್ಯಾರೇಜಿನಿಂದ ತಮ್ಮನ ಮನೆಗೆ ಬಂದವನು ಗ್ರೀಸ್ ಮೆತ್ತಿದ ಕೈ ತೊಳೆಯುವುದಕ್ಕೆ ಮೊದಲೇ, "ಎಲ್ಲಿ ನನ್ನ ಹುಲಿ?" ಎಂದು ಕೇಳುತ್ತಿದ್ದ.

ಜ್ವರ ಶುರುವಾಗಿ ಎರಡು ವಾರ ಆಗುತ್ತಾ ಬಂದಿತ್ತು. ಸಿರಪ್ ಕುಡಿಸಿದರೆ ಇಳಿಯುವುದು, ಮತ್ತೆ ಏರುವುದು. ಕತ್ತಿನಲ್ಲಿ ಗಂಟು ಕಟ್ಟಿದವು. ಹೊಟ್ಟೆ ಬಿಗಿದುಕೊಂಡಿತು. ಕಾಲ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳೆದ್ದವು. ಆ ವಾರದ ಮೊದಲಲ್ಲಿ ರಕ್ತ ಪರೀಕ್ಷೆ ನೋಡಿದ ಮೋಹನ್ ಗಂಡ, ಹೆಂಡತಿ, ಸಿಕಂದರ್ ಮೂವರನ್ನೂ ಕೂರಿಸಿ ಹೇಳಿದ್ದ: "ಇದು ಬರೀ ವೈರಲ್ ಜ್ವರ ಅಲ್ಲ. ರಕ್ತದ ಕಣಗಳೆಲ್ಲ ಒಟ್ಟಿಗೆ ಇಳೀತಾ ಇವೆ. ಇವತ್ತೇ ಶಿವಮೊಗ್ಗಕ್ಕೆ ಹೊರಡಿ, ನಾನು ಅಲ್ಲಿಗೆ ಫೋನ್ ಮಾಡ್ತೀನಿ." ಆದರೆ ಆ ವಾರವೇ ಸಿಕಂದರನ ಮಗಳ ಮಂಗನಿ, ಮದುವೆಯ ನಿಶ್ಚಿತಾರ್ಥ, ಇತ್ತು. "ಮಂಗನಿ ಒಂದು ಮುಗೀಲಿ. ನಾನೇ ಕಾರಲ್ಲಿ ಕರ್ಕೊಂಡೋಗ್ತೀನಿ. ಜ್ವರ ಬರದೇ ಇರೋ ಮಕ್ಕಳು ಎಲ್ಲವ್ರೆ," ಎಂದಿದ್ದ ಸಿಕಂದರ್. ಅವನ ಮಾತಿನ ಮೇಲೆ ಮಾತಾಡುವ ರೂಢಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮಂಗನಿ ಮುಗಿದ ಮರುದಿನ ಬೆಳಿಗ್ಗೆ ಮಗು ತಲೆ ಎತ್ತಲಿಲ್ಲ. ಹಾಗಾಗಿ ಈಗ ಇಲ್ಲಿ.

ಅದುರುತ್ತಿದ್ದ ಮಗುವನ್ನು, ಅದರ ಕೈಗೆ ಚುಚ್ಚಿದ್ದ ಸೂಜಿಯನ್ನು, ಮೇಲೆ ತೂಗುತ್ತಿದ್ದ ಬಾಟಲಿಯನ್ನು ಸಿಕಂದರ್ ಒಮ್ಮೆಲೇ ನೋಡಿದ. "ಏನ್ ಚುಚ್ಚಿದ್ಯೋ ನನ್ ಮಗೀಗೆ?" ಎಂದ. ಮೋಹನ್ ತಲೆ ಎತ್ತದೆ, "ಸ್ವಲ್ಪ ಆಚೆ ನಿಲ್ಲಿ, ಫಿಟ್ಸ್ ನಿಲ್ಲಿಸ್ಬೇಕು," ಎಂದು ಸ್ಪ್ರೇಯ ಮುಚ್ಚಳ ಕೀಳುತ್ತಿದ್ದ. ಸಿಕಂದರನ ಮೊದಲ ಏಟು ಅವನ ಕಿವಿಯ ಮೇಲೆ ಬಿತ್ತು.

ಮೋಹನ್ ಗೋಡೆಗೆ ಬಡಿದುಕೊಂಡ. ಬಾಟಲಿ ಕೈಯಿಂದ ಹಾರಿ ಮಂಚದ ಕೆಳಗೆ ಉರುಳಿತು. ಬಿಡಿಸಲು ಬಂದ ಲಿಂಗಮ್ಮನನ್ನು ಸಿಕಂದರ್ ಮೊಣಕೈಯಿಂದ ತಳ್ಳಿದ, ಅವಳು ಗಾಜಿನ ಕಪಾಟಿನ ಮೇಲೆ ಬಿದ್ದಳು. ಮೋಹನ್ ಬಾಟಲಿ ಹುಡುಕಲು ಬಗ್ಗಿದ್ದೇ ತಪ್ಪಾಯಿತು. ಓಡಿಹೋಗುತ್ತಿದ್ದಾನೆ ಎಂದುಕೊಂಡ ಸಿಕಂದರ್, "ಹಿಡ್ಕೊಳೋ ಅವನ್ನ," ಎಂದು ಕೂಗಿದ. ಅಣ್ಣನ ಹಿಂದೆಯೇ ಒಳಗೆ ಬಂದು ನಿಂತಿದ್ದ ರಿಯಾಜ್ ಹಿಡಿದುಕೊಂಡ. ಕಬ್ಬಿಣ ಬಗ್ಗಿಸುವ ಕೈಗಳವು. ಮೋಹನನ ಎರಡೂ ತೋಳನ್ನು ಬೆನ್ನ ಹಿಂದೆ ತಿರುಚಿ ನಿಲ್ಲಿಸಿದ. ಸಿಕಂದರ್ ಡ್ರಿಪ್ ಸ್ಟ್ಯಾಂಡನ್ನು ಕಿತ್ತ. ಗ್ಲೂಕೋಸ್ ನಳಿಕೆ ಎಳೆದು ಮಗುವಿನ ಕೈಯ ಸೂಜಿ ಹೊರಬಂತು, ರಕ್ತ ಚಿಮ್ಮಿ ನಿಲ್ಲದೆ ಹರಿಯಿತು.

ಸ್ಟ್ಯಾಂಡಿನ ಕಬ್ಬಿಣದ ಬುಡ ಮೋಹನನ ದವಡೆಗೆ ಬಿತ್ತು. ಒಣಕಟ್ಟಿಗೆ ಮುರಿದಂಥ ಸದ್ದು. ಎರಡನೆಯದು ಕಣ್ಣಿನ ಪಕ್ಕಕ್ಕೆ. ಮೂರನೆಯದನ್ನು ತಡೆಯಲು ಅವನು ಹೇಗೋ ಬಲಗೈಯನ್ನು ಬಿಡಿಸಿಕೊಂಡು ಮೇಲೆತ್ತಿದ, ಅದು ಮಣಿಕಟ್ಟಿನ ಮೇಲೆಯೇ ಬಿತ್ತು. ರಿಯಾಜ್ ಆ ಕೈಯನ್ನು ಮತ್ತೆ ಹಿಡಿದು ಹಿಂದಕ್ಕೆಳೆದಾಗ ಮೋಹನ್ ಪ್ರಾಣಿಯಂತೆ ಕೂಗಿದ. ಬಿಡಿಸಲು ಬಂದ ಲಿಂಗಮ್ಮನನ್ನು ಸಿಕಂದರ್ ಮೊಣಕೈಯಿಂದ ತಳ್ಳಿದ, ಅವಳು ಗಾಜಿನ ಕಪಾಟಿನ ಮೇಲೆ ಬಿದ್ದಳು. ಹೊರಗಿನ ಕೋಣೆಯಲ್ಲಿದ್ದವರು ಮಕ್ಕಳನ್ನು ಬಾಚಿಕೊಂಡು ರಸ್ತೆಗೆ ಓಡಿದರು.

ಮಗುವಿನ ಅದುರಾಟ ನಿಂತಿರಲಿಲ್ಲ. ತುಟಿ ನೀಲಿಯಾಗುತ್ತಿತ್ತು. ಗಂಟಲಿನಲ್ಲಿ ಗೊರಗೊರ ಸದ್ದು. ಶಿರೀನ್ ಗಂಡನ ಹೆಸರು ಕೂಗಿದಳು, ಭಾವನನ್ನು 'ಭಾಯಿಜಾನ್' ಎಂದು ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ಆ ಔಷಧಿ ಹಾಕಬಲ್ಲ ಒಬ್ಬನೇ ಮನುಷ್ಯನನ್ನು ಮಗುವಿನ ಅಪ್ಪ ಹಿಡಿದುಕೊಂಡಿದ್ದ, ದೊಡ್ಡಪ್ಪ ಹೊಡೆಯುತ್ತಿದ್ದ.

ಅವಳು ಮಗುವನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿದಳು. ಮೂಲೆಯಲ್ಲಿದ್ದ ಸ್ಟೀಲ್ ಸ್ಟೂಲನ್ನು ಎರಡು ಕೈಯಲ್ಲಿ ಎತ್ತಿ, ಸಿಕಂದರನ ತಲೆಯ ಹಿಂಭಾಗಕ್ಕೆ ತನ್ನ ಶಕ್ತಿಯೆಲ್ಲ ಹಾಕಿ ಹೊಡೆದಳು.

ಅವನು ತಿರುಗಿ ಅವಳನ್ನು ನೋಡಿದ. ಕಣ್ಣಲ್ಲಿ ಕೋಪವಿರಲಿಲ್ಲ, ಬರೀ ಆಶ್ಚರ್ಯ. ಅವಳು ಇನ್ನೊಂದು ಹೊಡೆದಳು. ಸಿಕಂದರ್ ಮೊಣಕಾಲೂರಿ ಕುಸಿದ. ತಲೆಯಿಂದ ರಕ್ತ ಇಳಿದು ಬಿಳಿ ಅಂಗಿಯ ಕಾಲರಿನೊಳಗೆ ಹೋಯಿತು.

"ಬಿಡು ಅವರನ್ನ," ಎಂದಳು ರಿಯಾಜನಿಗೆ. ಸ್ಟೂಲು ಇನ್ನೂ ಅವಳ ಕೈಯಲ್ಲೇ ಇತ್ತು. "ಬಿಡದೇ ಇದ್ರೆ ನಿನ್ನ ತಲೇನೂ ಒಡೀತೀನಿ."

ರಿಯಾಜ್ ಬಿಟ್ಟ.

ಮೋಹನ್ ನಿಲ್ಲಲಾರದೆ ನೆಲಕ್ಕೆ ಬಿದ್ದ. ಅಲ್ಲಿಂದಲೇ ತೆವಳಿಕೊಂಡು ಮಂಚದ ಕೆಳಗೆ ಎಡಗೈ ಹಾಕಿ ಬಾಟಲಿಯನ್ನು ಎಳೆದುಕೊಂಡ. ದವಡೆ ಜೋತುಬಿದ್ದಿತ್ತು, ಮಾತು ಹೊರಡಲಿಲ್ಲ. ಒಂದು ಕಣ್ಣು ಆಗಲೇ ಮುಚ್ಚಿಕೊಂಡಿತ್ತು. ಮಗುವಿನ ತಲೆ ಹಿಡಿ ಎಂದು ಶಿರೀನಳಿಗೆ ಸನ್ನೆ ಮಾಡಿ, ಎರಡೂ ಮೂಗಿನ ಹೊಳ್ಳೆಗೆ ಔಷಧಿ ಹೊಡೆದ. ಆಮೇಲೆ ಮಗುವಿನ ಎದೆಯ ಮೇಲೆ ಎಡ ಅಂಗೈ ಇಟ್ಟುಕೊಂಡು ಕೂತ. ಅವನ ಬಾಯಿಯ ರಕ್ತ ಅಲ್ಫಿಯಾಳ ಫ್ರಾಕಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅದುರಾಟ ನಿಧಾನವಾಯಿತು, ಕೈ ಒಂದು ಸಲ ಎಗರಿ ಸುಮ್ಮನಾಯಿತು. ಮಗು ಉದ್ದಕ್ಕೆ ಉಸಿರೆಳೆದುಕೊಂಡಿತು.

ಗಾಜು ಕುಯ್ದ ಕೈಗೆ ಸೆರಗು ಸುತ್ತಿಕೊಂಡು ಲಿಂಗಮ್ಮ ಅಂಬುಲೆನ್ಸಿಗೆ ಫೋನ್ ಮಾಡಿದಳು. ಗಾಡಿ ಬಂದಾಗ ಅವಳೂ ಹತ್ತಿದಳು. "ನಿಮ್ಮ ಮನೆಯವರ ಮಕ ನೋಡ್ಕೊಂಡು ಹತ್ತಿಲ್ಲ ಕಣಮ್ಮ. ದಾರೀಲಿ ಮತ್ತೆ ಫಿಟ್ಸ್ ಬಂದ್ರೆ ಯಾರು ನೋಡ್ಕೊತಾರೆ," ಎಂದಳು.

ಶಿವಮೊಗ್ಗದಲ್ಲಿ ಮಗುವಿನ ಗಂಟಲಿಗೆ ನಳಿಕೆ ಇಳಿಸಿ, ಅಲ್ಲಿಂದ ಬೆಂಗಳೂರಿನ ಮಕ್ಕಳ ಆಸ್ಪತ್ರೆಗೆ ಕಳಿಸಿದರು. ರಿಯಾಜನ ಅಂಗಿಯ ಎದೆಯ ಮೇಲೆ ಮೋಹನನ ರಕ್ತ ಒಣಗಿ ಕಪ್ಪಾಗಿತ್ತು. ದಾರಿಯಲ್ಲಿ ಒಮ್ಮೆ ಅವನು ಶಿರೀನಳ ಕೈ ಹಿಡಿಯಲು ನೋಡಿದ. ಅವಳು ಕೈಯನ್ನು ದುಪಟ್ಟದೊಳಗೆ ಎಳೆದುಕೊಂಡಳು.

ಬೆಂಗಳೂರಿನಲ್ಲಿ ಅವರನ್ನು ಕೂರಿಸಿ ಹೇಳಿದವರು ಹೇಮಾವತಿ ಎಂಬ ಹಿರಿಯ ಡಾಕ್ಟರು. ಬೆನ್ನುಹುರಿಯ ನೀರು ತೆಗೆದು ನೋಡಿದ್ದರು, ಮೂಳೆಯೊಳಗಿನ ಮಜ್ಜೆ ನೋಡಿದ್ದರು, ತಲೆಯ ಸ್ಕ್ಯಾನ್ ಮಾಡಿದ್ದರು.

"ಮೊದಲು ಬಂದದ್ದು ಒಂದು ಮಾಮೂಲಿ ವೈರಸ್," ಎಂದರು. "ಎಷ್ಟೋ ಮಕ್ಕಳಿಗೆ ಬರುತ್ತೆ, ಬಂದದ್ದೂ ಗೊತ್ತಾಗದ ಹಾಗೆ ಹೋಗುತ್ತೆ. ಅದನ್ನ ಕೊಲ್ಲೋಕೆ ಮೈಯಲ್ಲಿ ಕೆಲವು ಕಣಗಳು ಏಳ್ತವೆ. ಕೆಲಸ ಮುಗಿದ ಮೇಲೆ ಅವು ತಣ್ಣಗಾಗಬೇಕು. ನಿಮ್ಮ ಮಗಳಲ್ಲಿ ಆಗಿಲ್ಲ. ಈಗ ಅವು ಅವಳ ರಕ್ತವನ್ನೇ ತಿಂತಾ ಇವೆ. ಲಿವರ್‌ಗೆ ನುಗ್ಗಿವೆ. ಮಿದುಳಿಗೂ ನುಗ್ಗಿವೆ. ಅದಕ್ಕೇ ಫಿಟ್ಸ್."

"ಗ್ಲೂಕೋಸ್ ಹಾಕಿದ್ರಲ್ಲ ಮೇಡಂ, ಅದರಿಂದ ಅಲ್ವಾ?" ಎಂದು ಕೇಳಿದ ರಿಯಾಜ್. ಅಲ್ಲ ಎನ್ನಬೇಡಿ ಎಂದು ಬೇಡಿಕೊಳ್ಳುವಂತಿತ್ತು ಅವನ ದನಿ.

"ಗ್ಲೂಕೋಸ್‌ನಿಂದ ಇದು ಆಗಲ್ಲ. ನಿಮ್ಮ ತರೀಕೆರೆ ಡಾಕ್ಟರು ಈ ವಾರದ ಮೊದಲಲ್ಲೇ ಇದೇ ಕಾಯಿಲೆ ಇರಬಹುದು ಅಂತ ಶಿವಮೊಗ್ಗದವರಿಗೆ ಫೋನಿನಲ್ಲಿ ಹೇಳಿದ್ದರಂತೆ. ನೀವು ಬರ್ತೀರಿ ಅಂತ ಅವರು ಹಾಸಿಗೆ ಇಟ್ಕೊಂಡು ಕಾಯ್ತಾ ಇದ್ರಂತೆ."

"ಆವತ್ತೇ ಬಂದಿದ್ರೆ?" ಎಂದಳು ಶಿರೀನ್.

ಹೇಮಾವತಿ ಸ್ಕ್ಯಾನ್ ಚಿತ್ರವನ್ನು ಅವಳ ಕಡೆ ತಿರುಗಿಸಿದರು. "ಮಿದುಳಿಗೆ ಹೋಗೋಕೆ ಮುಂಚೆ ಔಷಧಿ ಶುರುವಾಗಿದ್ರೆ ಒಳ್ಳೇದಿತ್ತು. ಹೀಗಾಗ್ತಾನೇ ಇರಲಿಲ್ಲ ಅಂತ ನಾನು ಹೇಳಲಾರೆ. ಈಗ ಆ ಕಣಗಳನ್ನ ಮಟ್ಟ ಹಾಕೋ ಔಷಧಿ ಕೊಡಬೇಕು. ಬೆನ್ನಿನೊಳಗೂ ಕೊಡಬೇಕು. ಉಳೀತಾಳಾ ಅಂತ ಕೇಳಬೇಡಿ, ಇನ್ನೂ ನಂಗೆ ಗೊತ್ತಿಲ್ಲ."

ರಿಯಾಜ್ ಎದ್ದು ಹೊರಗೆ ಹೋದ. ಮೆಟ್ಟಿಲ ಪಕ್ಕದ ಗೋಡೆಗೆ ಹಣೆಯನ್ನು ಚಚ್ಚಿಕೊಳ್ಳುತ್ತಿದ್ದವನನ್ನು ಸೆಕ್ಯುರಿಟಿಯವರು ಹಿಡಿದು ಕೂರಿಸಿದರು.

ಸಿಕಂದರ್ ಯಾಕೆ ಹಾಗೆ ಎರಗಿದ ಎಂಬುದು ಶಿರೀನಳಿಗೆ ಅಲ್ಲಿ ಕೂತಾಗ ಅರ್ಥವಾಯಿತು. ಅದುರುವ ಮಗುವನ್ನು ಕಂಡ ಕ್ಷಣವೇ ಅವನಿಗೆ ಮಂಗನಿಯ ನೆನಪಾಗಿರಬೇಕು. ತಡ ಮಾಡಿಸಿದ್ದು ತಾನೇ ಎಂಬುದನ್ನು ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಅದನ್ನು ಹೊರಿಸಲು ಯಾರಾದರೂ ಬೇಕಿತ್ತು, ಮೋಹನ್ ಎದುರಿಗಿದ್ದ. ಇದು ತಿಳಿದ ಮೇಲೂ ಅವನ ಮೇಲೆ ಅವಳಿಗೆ ಕನಿಕರ ಹುಟ್ಟಲಿಲ್ಲ.

ಬಹಳ ದಿನಗಳ ಮೇಲೆ ಅಲ್ಫಿಯಾ ಕಣ್ಣು ಬಿಟ್ಟಳು. ಶಿರೀನ್ ಅಷ್ಟೂ ದಿನ ಕಾದದ್ದು ಆ ಗಳಿಗೆಗೆ. ಆದರೆ ಎದ್ದ ಮಗು ಅವಳ ಮಗು ಆಗಿರಲಿಲ್ಲ. ಅಮ್ಮಿಯನ್ನು ಗುರುತು ಹಿಡಿಯಲಿಲ್ಲ. ಹಾಲು ಕುಡಿಸಲು ಹೋದರೆ ಚಮಚವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಮುಖ ತೊಳೆಯಲು ಬಗ್ಗಿದರೆ ಕೂದಲು ಹಿಡಿದು ಎಳೆದಳು. ಎಡಗೈ ಸೋತು ಬಿದ್ದಿತ್ತು, ಬಲಗೈಯಲ್ಲೇ ಹೊಡೆದಳು, ಪರಚಿದಳು, ಸೂಜಿ ಕಿತ್ತೆಸೆದಳು. ಸ್ಟೆರಾಯ್ಡಿನಿಂದ ಮುಖ ಊದಿ ದುಂಡಗಾಗಿತ್ತು, ಆ ಮುಖದೊಳಗಿಂದ ಬರುವ ಕಿರುಚಾಟ ವಾರ್ಡಿನ ಬೇರೆ ಮಕ್ಕಳನ್ನು ಅಳಿಸುತ್ತಿತ್ತು. ಒಂದು ಮಧ್ಯಾಹ್ನ ಶಿರೀನಳ ಮುಂಗೈಯನ್ನು ಕಚ್ಚಿ ಹಿಡಿದವಳು ನರ್ಸುಗಳಿಬ್ಬರು ಬಂದು ದವಡೆ ಬಿಡಿಸುವವರೆಗೂ ಬಿಡಲಿಲ್ಲ. ಗಾಯಕ್ಕೆ ಹೊಲಿಗೆ ಹಾಕಬೇಕಾಯಿತು.

"ಕಚ್ಚುತ್ತಿರೋದು ಅವಳಲ್ಲಮ್ಮ," ಎಂದರು ಹೇಮಾವತಿ, ಹೊಲಿಗೆ ಹಾಕುವುದನ್ನು ನೋಡುತ್ತಾ. "ಮಿದುಳು ಊದಿಕೊಂಡಿದೆ. ಇಳಿಯೋಕೆ ಸಮಯ ಬೇಕು."

"ನಂಗೊತ್ತು ಮೇಡಂ," ಎಂದಳು ಶಿರೀನ್. "ಕಚ್ಚೋಕೆ ಬಲ ಬಂತಲ್ಲ ಅಂದ್ಕೊಂಡೆ."

ವಾರಕ್ಕೊಮ್ಮೆ ಬೆನ್ನಿನೊಳಗೆ ಔಷಧಿ ಕೊಡುವಾಗ ಮಗುವನ್ನು ಬಿಲ್ಲಿನಂತೆ ಬಗ್ಗಿಸಿ ಅಲುಗಾಡದಂತೆ ಹಿಡಿಯಬೇಕು. ಮೊದಲ ಸಲ ರಿಯಾಜನನ್ನು ಕರೆದರು. ಅವನು ಮಗಳ ತೋಳುಗಳನ್ನು ಹಿಡಿದ. ಅವಳು ಕಿರುಚಿ ಕೊಸರಾಡಿದಳು. ಅವನು ಹಿಡಿತ ಬಿಟ್ಟುಬಿಟ್ಟ. ಡಾಕ್ಟರು ಸೂಜಿಯನ್ನು ಹಿಂದಕ್ಕೆ ತೆಗೆದುಕೊಂಡು, "ನೀವು ಹೊರಗಿರಿ," ಎಂದರು. ಆಮೇಲೆ ಪ್ರತಿ ಸಲವೂ ಹಿಡಿದವಳು ಶಿರೀನ್.

ತರೀಕೆರೆಯಿಂದ ಅತ್ತೆ ಹಜೀರಾಬಿ ಬಂದರು. ಜೊತೆಗೆ ಸಿಕಂದರನ ದೊಡ್ಡ ಮಗ ಮುಬಶೀರ್. ಸಿಕಂದರ್ ತಲೆಗೆ ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯಿಂದ ನೇರ ಜೈಲಿಗೆ ಹೋಗಿದ್ದ. ಮೋಹನನ ದವಡೆಗೆ ತಂತಿ ಬಿಗಿದಿದ್ದರು. ಪೊಲೀಸರ ಕೇಸಿನಲ್ಲಿ ಸಿಕಂದರನ ಹೆಸರಿತ್ತು, ಹಿಡಿದುಕೊಂಡವನ ಹೆಸರು ಇರಲಿಲ್ಲ. ಹಿಂದಿನಿಂದ ಹಿಡಿದವನ ಮುಖವನ್ನು ಮೋಹನ್ ಕಂಡಿರಲಿಲ್ಲ, ಯಾರೆಂದು ಖಚಿತವಾಗಿ ಹೇಳಲಾರದೆ ಹೋಗಿದ್ದ. ಲಿಂಗಮ್ಮ ಅಷ್ಟರಲ್ಲಿ ಕಪಾಟಿನ ಮೇಲೆ ಬಿದ್ದಿದ್ದಳು, ಎದ್ದಾಗ ಎಲ್ಲ ಮುಗಿದಿತ್ತು. ನೋಡಿದವಳು ಶಿರೀನ್ ಒಬ್ಬಳೇ.

ಹಜೀರಾಬಿ ಮೊಮ್ಮಗಳ ಊದಿದ ಕೆನ್ನೆಯನ್ನು ಸವರಿ ಅತ್ತರು. ಆಮೇಲೆ ಸೊಸೆಯನ್ನು ಪಕ್ಕಕ್ಕೆ ಕರೆದರು. "ವಕೀಲರು ಹೇಳವ್ರೆ ಬೇಟಿ. ಡಾಕ್ಟ್ರು ಚುಚ್ಚಿದ ಕೂಡ್ಲೇ ಮಗೂಗೆ ಹಿಂಗಾಯ್ತು ಅಂತ ನೀನು ಹೇಳಿದ್ರೆ ಕೇಸು ತಿರುಗ್ತದಂತೆ. ಸಿಕಂದರ್ ಹೊರಗೆ ಬತ್ತಾನೆ. ನಿನ್ನ ಗಂಡನ್ನ ಅಪ್ಪನ ಜಾಗದಲ್ಲಿ ನಿಂತು ಸಾಕ್ದೋನು ಅವನು. ಅವನ ತಲೆ ನೀನು ಒಡೆದೆ. ಅದನ್ನ ನಾನು ಯಾರ್ ಹತ್ರಾನೂ ಎತ್ತಲ್ಲ. ಇಷ್ಟು ಮಾಡು."

"ಅಮ್ಮಾ, ಚುಚ್ಚಿದ್ದರಿಂದ ಆಗಿದ್ದಲ್ಲ. ಇಲ್ಲಿನ ಡಾಕ್ಟ್ರನ್ನೇ ಕೇಳಿ."

"ನಂಗೆ ಡಾಕ್ಟ್ರು ಬೇಡ. ನಂಗೆ ನನ್ನ ಮಗ ಬೇಕು."

"ನಂಗೂ ನನ್ನ ಮಗಳು ಬೇಕಿತ್ತು," ಎಂದಳು ಶಿರೀನ್. "ಆವತ್ತು ಭಾಯಿಜಾನ್ ಹೊಡೀತಾ ನಿಂತಿದ್ದಷ್ಟು ಹೊತ್ತೂ ಇವಳು ಉಸಿರಾಡ್ತಿರಲಿಲ್ಲ. ನಾನು ನೋಡಿದ್ದನ್ನೇ ಹೇಳ್ತೀನಿ."

ಮುಬಶೀರ್ ಅವಳ ಮುಖಕ್ಕೆ ಬೆರಳು ತಂದು, "ಚಾಚಿ, ಮತ್ತೆ ತರೀಕೆರೆಗೆ ಬರಬೇಕು ಅನ್ನೋದು ನೆನಪಿರಲಿ," ಎಂದ. ಆ ಬೆದರಿಕೆಯನ್ನು ಮಾಡಿಯೂ ತೋರಿಸಿದ. ಅಜ್ಜಿ ಮೊಮ್ಮಗ ಊರಿಗೆ ಮರಳಿದ ವಾರದಲ್ಲೇ ಮುಬಶೀರನ ಕಡೆಯವರು ಶಿರೀನಳ ಮನೆಯ ಬೀಗ ಒಡೆದು ಸಾಮಾನುಗಳನ್ನು ಬೀದಿಗೆ ಎಸೆದರೆಂದು ಪಕ್ಕದ ಮನೆಯವರು ಫೋನ್ ಮಾಡಿದರು. ಅವಳು ಬ್ಲೌಸ್ ಹೊಲಿಯುತ್ತಿದ್ದ ಮೆಷಿನ್ನನ್ನು ಗ್ಯಾರೇಜಿನ ಸುತ್ತಿಗೆಯಿಂದ ಪುಡಿ ಮಾಡಿದ್ದರಂತೆ.

ಆ ಸಂಜೆ ಆಸ್ಪತ್ರೆಯ ಹಿಂಭಾಗದ ಕಟ್ಟೆಯ ಮೇಲೆ ಕೂತು ರಿಯಾಜ್ ಕೇಳಿದ: "ಅಣ್ಣನ ಹೆಸರು ಹೇಗೂ ಐತೆ. ನನ್ನ ಹೆಸರು ಹೇಳ್ತೀಯಾ?"

"ನೀನೇ ಹೋಗಿ ಹೇಳು."

"ನಾನು ಹೊಡೆದಿಲ್ಲ ಶಿರೀನ್. ಒಂದು ಏಟೂ ಹೊಡೆದಿಲ್ಲ."

"ನೀನು ಹಿಡ್ಕೊಂಡಿದ್ದಕ್ಕೇ ಅವರಿಗೆ ಅಷ್ಟು ಏಟು ಬಿತ್ತು. ಇಲ್ದೇ ಇದ್ರೆ ಒಂದು ಬಿದ್ದು ತಪ್ಪಿಸ್ಕೊಂಡಿರೋರು. ಮುರಿದ ಕೈನ ಮತ್ತೆ ಎಳೆದ್ಯಲ್ಲ, ಅದನ್ನೂ ನೋಡಿದೀನಿ."

ಅವನು ಅವಳ ಕೆನ್ನೆಗೆ ಹೊಡೆದ. ಮದುವೆಯಾದಂದಿನಿಂದ ಒಮ್ಮೆಯೂ ಕೈ ಎತ್ತಿದವನಲ್ಲ. ಇನ್ನೊಂದು ಹೊಡೆದ, ಅವಳ ತುಟಿ ಒಡೆಯಿತು. ಮೂರನೆಯದಕ್ಕೆ ಎತ್ತಿದ ಕೈಯನ್ನು ಅವಳು ಹಿಡಿದುಕೊಂಡಳು. ಇಬ್ಬರೂ ಹಾಗೆಯೇ, ಒಬ್ಬರ ಕೈ ಇನ್ನೊಬ್ಬರ ಹಿಡಿತದಲ್ಲಿ, ಏದುಸಿರು ಬಿಡುತ್ತಾ ಕೂತರು. ಮೊದಲು ಅತ್ತವನು ರಿಯಾಜ್.

"ಜೈಲಿಗೆ ಹೋದ್ರೆ ಇವಳ ಔಷಧಿಗೆ ಯಾರು ದುಡೀತಾರೆ," ಎಂದ.

"ನಾನು ದುಡೀತೀನಿ. ಇಂಥದ್ದನ್ನ ಹೊಟ್ಟೇಲಿ ಇಟ್ಕೊಂಡು ಒಂದೇ ಮನೇಲಿ ಇರೋಕೆ ನನ್ನ ಕೈಲಾಗಲ್ಲ."

ಮಗುವನ್ನು ಡಿಸ್ಚಾರ್ಜ್ ಮಾಡಿದ ಮೇಲೆ ಅವಳು ತರೀಕೆರೆಯ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಳು. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಸಿಕಂದರ್ ಹೊಡೆದದ್ದು, ರಿಯಾಜ್ ಹಿಡಿದದ್ದು, ತಾನು ಸ್ಟೂಲೆತ್ತಿ ಹೊಡೆದದ್ದು. ಹೊರಗೆ ಬಂದಾಗ ಮರದ ಕೆಳಗೆ ನಿಂತಿದ್ದ ಮುಬಶೀರನ ಗೆಳೆಯರಲ್ಲಿ ಒಬ್ಬ ಎಸೆದ ಕಲ್ಲು ಅವಳ ಭುಜಕ್ಕೆ ಬಿತ್ತು. ಅವಳು ನಿಲ್ಲಲಿಲ್ಲ, ಮಗುವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡು ಬಸ್ ಹತ್ತಿದಳು. ಆ ಸಂಜೆಯೇ ಪೊಲೀಸರು ರಿಯಾಜನನ್ನು ಕರೆದೊಯ್ದರು.

ಅವಳು ಕಡೂರಿನ ತವರಿಗೆ ಬಂದಳು. ಅಣ್ಣನ ಮನೆಯ ಹಿಂದಿನ ಕೋಣೆ. ಅತ್ತಿಗೆಯ ಹಳೆಯ ಮೆಷಿನ್ನಿನಲ್ಲಿ ಹೊಲಿಗೆ ಶುರು ಮಾಡಿದಳು. ಅಲ್ಫಿಯಾಳ ರೋಷ ತಿಂಗಳು ತಿಂಗಳು ಇಳಿಯುತ್ತಾ ಬಂತು. ಮೊದಲು ಕಚ್ಚುವುದು ನಿಂತಿತು, ಆಮೇಲೆ ಪರಚುವುದು. ಒಂದು ದಿನ ಹೊಲಿಗೆಯ ಸದ್ದಿಗೆ ತಿರುಗಿ ನೋಡಿ, "ಅಮ್ಮಿ," ಎಂದಳು. ಶಿರೀನ್ ಬಟ್ಟೆಯಿಂದ ಕೈ ತೆಗೆಯುವುದನ್ನು ಮರೆತು ಬೆರಳಿಗೆ ಸೂಜಿ ಇಳಿಸಿಕೊಂಡಳು. ಎಡಗೈ ಪೂರ್ತಿ ಮರಳಲಿಲ್ಲ. ಎಡಗಾಲು ಎಳೆಯುತ್ತಾ ನಡೆಯುತ್ತಿದ್ದಳು. ಮೊದಲು ಎಡೆಬಿಡದೆ ಮಾತಾಡುತ್ತಿದ್ದ ಮಗುವಿಗೆ ಈಗ ಒಂದೊಂದೇ ಮಾತು, ಅದೂ ಹುಡುಕಿ ಹುಡುಕಿ. ಫಿಟ್ಸಿನ ಔಷಧಿ ತಪ್ಪಿಸುವಂತಿರಲಿಲ್ಲ.

ತರೀಕೆರೆಯ ಕ್ಲಿನಿಕ್ ಮುಚ್ಚಿತ್ತು. ಮೋಹನ್ ಬೋರ್ಡು ಇಳಿಸಿ ಅಜ್ಜಂಪುರದ ತಂದೆಯ ಮನೆಗೆ ಹೋಗಿದ್ದ. ಅವನ ಬಲ ಮಣಿಕಟ್ಟು ಸರಿಯಾಗಿ ಕೂಡಿರಲಿಲ್ಲ. ಎಳೆ ಮಕ್ಕಳ ಕೈಯಲ್ಲಿ ನರ ಹುಡುಕಿ ಸೂಜಿ ಹಾಕುವುದು ಇನ್ನು ಆಗದ ಮಾತು. ಮಕ್ಕಳಿಗೆ ಜ್ವರ ಬಂದರೆ ಜನ ಈಗ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದರು. ಸಿಕಂದರನನ್ನು ಬೈಯುವವರಷ್ಟೇ, ಮನೆಯವರ ವಿರುದ್ಧ ಹೇಳಿಕೆ ಕೊಟ್ಟಳೆಂದು ಶಿರೀನಳನ್ನು ಬೈಯುವವರೂ ಇದ್ದರು.

ಜಾಮೀನಿನ ಮೇಲೆ ಹೊರಬಂದ ರಿಯಾಜ್ ಒಂದು ಬೆಳಿಗ್ಗೆ ಕಡೂರಿನ ಮನೆಯ ಬಾಗಿಲಲ್ಲಿ ನಿಂತ. ಸೊರಗಿದ್ದ. ಶಿರೀನ್ ಒಳಗೆ ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅಲ್ಫಿಯಾ ಕಾಲೆಳೆಯುತ್ತಾ ಬಂದು ಅವನ ಮುಖವನ್ನೇ ನೋಡಿದಳು. ಯಾರೆಂದು ನೆನಪು ಮಾಡಿಕೊಳ್ಳುತ್ತಿದ್ದಳು. ಕೊನೆಗೆ, "ಅಬ್ಬಾ," ಎಂದು ಅಪ್ಪನನ್ನು ಕರೆದಳು. ರಿಯಾಜ್ ಅವಳೆದುರು ಹೊಸ್ತಿಲ ಮೇಲೆಯೇ ಕೂತ.

"ಇವತ್ತು ಇವಳನ್ನ ಅಜ್ಜಂಪುರಕ್ಕೆ ಕರ್ಕೊಂಡು ಹೋಗ್ತಿದೀನಿ," ಎಂದಳು ಶಿರೀನ್. "ಬೆಂಗಳೂರಿನ ಮೇಡಂ, ಹತ್ತಿರದಲ್ಲಿ ಒಬ್ಬರು ನೋಡ್ತಾ ಇರಲಿ ಅಂದ್ರು. ಫೋನ್ ಮಾಡಿ ಕೇಳಿದೆ. ಬನ್ನಿ ಅಂದ್ರು ಮೋಹನ್ ಡಾಕ್ಟ್ರು."

"ನಾನೂ ಬತ್ತೀನಿ."

"ನಿನ್ನ ಅವರು ಕರೆದಿಲ್ಲ."

"ಗೊತ್ತು. ಆದ್ರೂ ಬತ್ತೀನಿ."

ಅಜ್ಜಂಪುರದ ಆ ಮನೆಯ ಜಗುಲಿಯಲ್ಲಿ ಮೋಹನನ ತಂದೆ ಪಂಚಾಕ್ಷರಪ್ಪ ಪೇಪರ್ ಓದುತ್ತಾ ಕೂತಿದ್ದರು. ಮೇಷ್ಟ್ರ ಕೆಲಸದಿಂದ ನಿವೃತ್ತರಾದವರು. ಶಿರೀನಳನ್ನೂ ಮಗುವನ್ನೂ, "ಒಳಗೆ ಹೋಗಮ್ಮ," ಎಂದು ಕಳಿಸಿದರು. ಗೇಟಿನ ಹತ್ತಿರ ನಿಂತವನನ್ನು ನೋಡಿ, "ನೀನ್ಯಾರಪ್ಪ?" ಎಂದರು.

"ರಿಯಾಜ್. ಅವರನ್ನ ಹಿಂದಿನಿಂದ ಹಿಡ್ಕೊಂಡೋನು ನಾನೇ."

ಮುದುಕರು ಎದ್ದರು. ಊರುಗೋಲು ಹಿಡಿದು ಮೆಟ್ಟಿಲಿಳಿದು ಗೇಟಿನವರೆಗೆ ಬಂದರು. ಕೋಲೆತ್ತಿ ಅವನ ಮುಖಕ್ಕೆ ಹೊಡೆದರು. ರಿಯಾಜ್ ಕೈ ಅಡ್ಡ ಹಿಡಿಯಲಿಲ್ಲ. ಮತ್ತೆ ಹೊಡೆದರು, ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. "ಊಟ ಮಾಡೋಕಾಗದೆ ಎಷ್ಟು ದಿನ ನಳಿಕೇಲಿ ಗಂಜಿ ಕುಡಿದಿದಾನೆ ಗೊತ್ತೇನೋ ನನ್ನ ಮಗ," ಎನ್ನುತ್ತಾ ಹೆಗಲಿಗೆ, ತೋಳಿಗೆ, ಕೈಸೋಲುವವರೆಗೆ ಹೊಡೆದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಹೊಡೆಯುತ್ತಿದ್ದವರೇ ಅಳುತ್ತಿದ್ದರು.

ಮೋಹನ್ ಹೊರಗೆ ಬಂದು, "ಅಪ್ಪಾ, ಸಾಕು," ಎಂದ. ದವಡೆ ಒಂದು ಕಡೆಗೆ ವಾಲಿದ್ದರಿಂದ ಮಾತು ಸ್ವಲ್ಪ ತೊದಲುತ್ತಿತ್ತು. ತಂದೆಯ ಕೈಯಿಂದ ಕೋಲು ತೆಗೆದುಕೊಂಡು ಅವರನ್ನು ಜಗುಲಿಯ ಮೇಲೆ ಕೂರಿಸಿದ. ಆಮೇಲೆ ರಿಯಾಜನ ಕಡೆ ತಿರುಗಿದ.

"ಡಾಕ್ಟ್ರೇ, ನಾನು..." ಎಂದ ರಿಯಾಜ್.

"ಏನೂ ಹೇಳಬೇಡಿ. ನೀವು ಏನು ಹೇಳಿದ್ರೂ ನಂಗೆ ಆವತ್ತಿನ ನೋವೇ ನೆನಪಾಗುತ್ತೆ," ಎಂದ ಮೋಹನ್. "ನಿಮ್ಮನ್ನ ಒಳಗೆ ಕರೆಯೋಕೆ ನನ್ನ ಕೈಲಾಗಲ್ಲ. ಕೋರ್ಟಲ್ಲಿ ಕೇಸು ನಡೀಲಿ, ಅದನ್ನ ನಾನು ಬಿಡೋದಿಲ್ಲ. ಮಗುನ ಮಾತ್ರ ತಿಂಗಳು ತಿಂಗಳು ತೋರಿಸೋದು ತಪ್ಪಿಸ್ಬೇಡಿ."

ಒಳಗೆ ಅವನು ಅಲ್ಫಿಯಾಳನ್ನು ಮೇಜಿನ ಮೇಲೆ ಕೂರಿಸಿ ಎಡಗೈಯಿಂದಲೇ ಪರೀಕ್ಷೆ ಮಾಡಿದ. ಹೊಟ್ಟೆ ಒತ್ತಿ ನೋಡಿದ, ಕತ್ತಿನ ಗಂಟು ಮುಟ್ಟಿದ, ಮೊಣಕಾಲಿಗೆ ಪುಟ್ಟ ಸುತ್ತಿಗೆ ಬಡಿದ. ಅವಳು ಸುತ್ತಿಗೆಯನ್ನು ಕಸಿದುಕೊಂಡು ಅವನ ಮೊಣಕೈಗೆ ಬಡಿದಳು. ಶಿರೀನ್ ಗಾಬರಿಯಾಗಿ ಮುಂದೆ ಬಂದಳು.

"ಇರಲಿ ಬಿಡಿ. ಗುರಿಯಿಟ್ಟು ಹೊಡೆದಳು ನೋಡಿ, ಒಳ್ಳೇದೇ," ಎಂದ ಮೋಹನ್. "ಎಡಗೈಗೆ ದಿನಾ ಕೆಲಸ ಕೊಡಿ, ಹಿಟ್ಟು ಕಲಸೋಕೆ ಬಿಡಿ. ಜ್ವರ ಬಂದ್ರೆ ಮಾತ್ರ ಒಂದು ಗಂಟೆನೂ ಕಾಯಬೇಡಿ. ಈ ಕಾಯಿಲೆ ಮರುಕಳಿಸಬಹುದು."

"ಯಾರನ್ನೂ ಕೇಳಲ್ಲ ಡಾಕ್ಟ್ರೇ. ಎದ್ದು ಬಂದ್ಬಿಡ್ತೀನಿ," ಎಂದಳು ಶಿರೀನ್.

ಹೊರಗೆ ಬಂದಾಗ ರಿಯಾಜ್ ರಸ್ತೆಯ ಆಚೆ ಬದಿಯ ಕಲ್ಲಿನ ಮೇಲೆ ಕರವಸ್ತ್ರವನ್ನು ಹುಬ್ಬಿಗೊತ್ತಿಕೊಂಡು ಕೂತಿದ್ದ. ಮೂವರೂ ಬಸ್ ಸ್ಟ್ಯಾಂಡಿನತ್ತ ನಡೆದರು. ಅಲ್ಫಿಯಾಳ ಕಾಲು ಸೋತಾಗ ಅವನು ಎತ್ತಿಕೊಳ್ಳಲು ಬಗ್ಗಿ, ಶಿರೀನಳ ಮುಖ ನೋಡಿದ.

"ಎತ್ಕೋ," ಎಂದಳು ಅವಳು. "ಆದ್ರೆ ಕಡೂರಿಗೆ ನಮ್ಮ ಜೊತೆ ಬರ್ಬೇಡ. ಇನ್ನೂ ಬರ್ಬೇಡ."

ಬೀರೂರಿನ ಮೇಲೆ ಕಡೂರಿಗೆ ಹೋಗುವ ಬಸ್ಸು ಬರುವವರೆಗೂ ಅವನು ಮಗಳನ್ನು ಎತ್ತಿಕೊಂಡು ನಿಂತಿದ್ದ. ಬಸ್ಸು ಬಂದಾಗ ಅವಳನ್ನು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿ ಇಳಿದ.